ರೇಡಿಯೋ ಮಿಕ್ಸರ್ ಒಳಗೆ ಏನಾಗುತ್ತದೆ? ಕೈಯಾರೆ ಕಟ್ಟಿ, ಕಿವಿಯಾರೆ ಕೇಳಿ ತಿಳಿಯೋಣ

ರೇಡಿಯೋ ಕಲಿಯಲು ಹೊರಟವರಲ್ಲಿ ಸುಮಾರು ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಆಂಪ್ಲಿಫೈಯರ್ ತಿಳಿಯುತ್ತದೆ, ಫಿಲ್ಟರ್ ತಿಳಿಯುತ್ತದೆ. ಮಿಕ್ಸರ್ ಬಂದಾಗ ಮಾತ್ರ "ಎರಡು ಫ್ರೀಕ್ವೆನ್ಸಿ ಕೊಟ್ಟರೆ ಮೊತ್ತವೂ ವ್ಯತ್ಯಾಸವೂ ಹೊರಗೆ ಬರುತ್ತವೆ" ಎಂಬ ಒಂದು ಸಾಲನ್ನು ಬಾಯಿಪಾಠ ಮಾಡಿಕೊಂಡು ಮುಂದೆ ಹೋಗುತ್ತೇವೆ. ಆ ಹೊಸ ಫ್ರೀಕ್ವೆನ್ಸಿ ಎಲ್ಲಿಂದ ಬಂತು? ನನಗೂ ಇದು ತುಂಬಾ ದಿನ ಬಿಚ್ಚದ ಗಂಟಾಗಿತ್ತು. ಮಿಕ್ಸರ್ ಎಂದರೆ ಸಿಗ್ನಲ್ಲನ್ನು ಪದೇ ಪದೇ ತಲೆಕೆಳಗು ಮಾಡುವ ಒಂದು ಸ್ವಿಚ್ ಎಂದು ನೋಡಲು ಶುರು ಮಾಡಿದ ಮೇಲೆ ಎಲ್ಲವೂ ಸಲೀಸಾಯಿತು. ಈ ಲೇಖನದ ಉದ್ದಕ್ಕೂ ಆ ಸ್ವಿಚ್ಚನ್ನೇ ಹಿಡಿದುಕೊಂಡು ಹೋಗೋಣ. ಕೊನೆಗೆ ನಾಲ್ಕು ಡಯೋಡ್‌ಗಳಲ್ಲಿ ಅದನ್ನು ಕಟ್ಟೋಣ.

ಬೆಸುಗೆ ಹಾಕಲು ಬರಬೇಕು, ಮಲ್ಟಿಮೀಟರ್ ಇರಬೇಕು. ಆಸಿಲೋಸ್ಕೋಪ್ ಇದ್ದರೆ ಒಳ್ಳೆಯದು.

ಹಂತ 1: ಮೊದಲು ಕಿವಿಯಿಂದ ಕೇಳಿ

ಡಯಲ್ ತಿರುಗಿಸುವ ಹಳೆಯ ಮೀಡಿಯಂ ವೇವ್ ರೇಡಿಯೋ ಎರಡನ್ನು ಹುಡುಕಿ. ಈಗಿನ ಡಿಜಿಟಲ್ ಚಿಪ್ ರೇಡಿಯೋಗಳ ಒಳಗಿನ ಏರ್ಪಾಡು ಬೇರೆ, ಅವು ಇದಕ್ಕೆ ಆಗಿಬರುವುದಿಲ್ಲ.

ಮೊದಲನೆಯ ರೇಡಿಯೋದಲ್ಲಿ 1100 ಕಿಲೋಹರ್ಟ್ಸ್ ಆಸುಪಾಸಿನ ಯಾವುದಾದರೂ ಸ್ಟೇಷನ್ ಹಿಡಿಯಿರಿ. ತುಂಬಾ ಜೋರಾಗಿರುವುದು ಬೇಡ, ಸುಮಾರಾಗಿ ಕೇಳಿಸಿದರೆ ಸಾಕು. ಎರಡನೆಯ ರೇಡಿಯೋವನ್ನು ಅದಕ್ಕೆ ತಾಗಿಸಿ ಇಡಿ, ವಾಲ್ಯೂಮ್ ಪೂರ್ತಿ ಇಳಿಸಿ. ಈಗ ಅದರ ಡಯಲ್ಲನ್ನು 645ರ ಸುತ್ತ ತುಂಬಾ ನಿಧಾನಕ್ಕೆ ತಿರುಗಿಸಿ.

ಒಂದು ಜಾಗದಲ್ಲಿ ಮೊದಲ ರೇಡಿಯೋದಿಂದ ತೆಳ್ಳನೆಯ ಶಿಳ್ಳೆ ಏಳುತ್ತದೆ. ಡಯಲ್ ಸ್ವಲ್ಪ ಸರಿಸಿದರೆ ಶಿಳ್ಳೆ ದಪ್ಪ ದನಿಗೆ ಇಳಿಯುತ್ತದೆ, ಗುಯ್ಗುಡುತ್ತಾ ಇಲ್ಲವಾಗುತ್ತದೆ, ಇನ್ನೂ ಸರಿಸಿದರೆ ಮತ್ತೆ ಮೇಲೇರುತ್ತದೆ. ಮಾತೇ ಆಡದ ರೇಡಿಯೋ ಪಕ್ಕದ ರೇಡಿಯೋದಲ್ಲಿ ಶಿಳ್ಳೆ ಹಾಕಿಸುತ್ತಿದೆ, ಅಲ್ವಾ?

ಕಾರಣ ಇಷ್ಟು. ಎರಡನೆಯ ರೇಡಿಯೋ 645ರಲ್ಲಿದ್ದಾಗ ಅದರೊಳಗಿನ ಲೋಕಲ್ ಆಸಿಲೇಟರ್, ಅಂದರೆ ರೇಡಿಯೋ ತನ್ನೊಳಗೇ ಒಂದು ಅಲೆ ಹುಟ್ಟಿಸುವ ಭಾಗ, 645 + 455 = 1100 ಕಿಲೋಹರ್ಟ್ಸ್‌ನಲ್ಲಿ ಓಡುತ್ತಿರುತ್ತದೆ (455 ಎಲ್ಲಿಂದ ಬಂತು ಎಂಬುದು ಹಂತ 4ರಲ್ಲಿ). ಅದರ ಅಲೆ ಸ್ವಲ್ಪ ಹೊರಗೆ ಸೋರಿ ಪಕ್ಕದ ರೇಡಿಯೋಗೆ ನುಗ್ಗುತ್ತದೆ. ಅಲ್ಲಿ ಸ್ಟೇಷನ್ನಿನ ಅಲೆಯೂ ಈ ಸೋರಿದ ಅಲೆಯೂ ಆಡಿಯೋವನ್ನು ಹೊರತೆಗೆಯುವ ಡಿಟೆಕ್ಟರ್ ಡಯೋಡಿನಲ್ಲಿ ಸೇರಿದಾಗ ಅವುಗಳ ವ್ಯತ್ಯಾಸ ಶಿಳ್ಳೆಯಾಗಿ ಕೇಳುತ್ತದೆ. ಲೋಕಲ್ ಆಸಿಲೇಟರನ್ನು ಇನ್ನು ಮುಂದೆ ಎಲ್‌ಒ ಎನ್ನುತ್ತೇನೆ.

ಹಂತ 2: ಕೂಡುವುದಕ್ಕೂ ಗುಣಿಸುವುದಕ್ಕೂ ಇರುವ ಫರಕು ಗಮನಿಸಿ

ಹಾಡು ರೆಕಾರ್ಡ್ ಮಾಡುವವರ ಮೇಜಿನ ಮೇಲೂ ಒಂದು ಮಿಕ್ಸರ್ ಇರುತ್ತದೆ. ಅದು ಸಿಗ್ನಲ್‌ಗಳನ್ನು ಕೂಡಿಸುತ್ತದೆ, ಅಷ್ಟೆ. 1000 ಹರ್ಟ್ಸ್ ಮತ್ತು 1100 ಹರ್ಟ್ಸ್ ಕೂಡಿಸಿದರೆ ಹೊರಗೆ ಬರುವುದು ಆ ಎರಡೇ. ಬೇಕಾದಷ್ಟು ಬೆರೆಸಿ, 100 ಹರ್ಟ್ಸ್ ಹುಟ್ಟುವುದಿಲ್ಲ. ಹೆಸರು ಒಂದೇ ಆದ್ದರಿಂದ ಹೊಸಬರಿಗೆ ಇಲ್ಲೇ ಗೊಂದಲ ಶುರುವಾಗುತ್ತದೆ.

ಹೊಸ ಫ್ರೀಕ್ವೆನ್ಸಿ ಬೇಕಾದರೆ ಒಂದನ್ನು ಇನ್ನೊಂದರಿಂದ ಗುಣಿಸಬೇಕು. ಹೈಸ್ಕೂಲಿನ ತ್ರಿಕೋನಮಿತಿ ಇಲ್ಲಿ ಕೆಲಸಕ್ಕೆ ಬರುತ್ತದೆ:

ಕಾಸ್ ಎ × ಕಾಸ್ ಬಿ = ½ [ಕಾಸ್ (ಎ − ಬಿ) + ಕಾಸ್ (ಎ + ಬಿ)]

ಎಡಗಡೆ ಎ ಮತ್ತು ಬಿ. ಬಲಗಡೆ ಅವೆರಡೂ ಇಲ್ಲ, ವ್ಯತ್ಯಾಸ ಮತ್ತು ಮೊತ್ತ ಮಾತ್ರ.

ಒಂದೇ ಒಂದು ಡಯೋಡ್ ಕೂಡ ಒರಟಾಗಿ ಈ ಕೆಲಸ ಮಾಡುತ್ತದೆ. ಡಯೋಡಿನ ಕರೆಂಟ್ ವೋಲ್ಟೇಜಿಗೆ ತಕ್ಕಂತೆ ನೇರ ಗೆರೆಯಲ್ಲಿ ಏರುವುದಿಲ್ಲ, ಬಾಗಿದ ಗೆರೆಯಲ್ಲಿ ಏರುತ್ತದೆ. ಆ ಬಾಗಿನಲ್ಲಿ ವರ್ಗದ ಅಂಶ ಇರುತ್ತದೆ. (ಎ + ಬಿ) ವರ್ಗವನ್ನು ಬಿಡಿಸಿದರೆ ನಡುವೆ 2ಎಬಿ ಬರುತ್ತದಲ್ಲ, ಅದೇ ನಮಗೆ ಬೇಕಾದ ಗುಣಾಕಾರ. ಎ ವರ್ಗ, ಬಿ ವರ್ಗ ಮತ್ತು ಇನ್ನೂ ಮೇಲಿನ ಘಾತಗಳು ಬೇಡದ ಕಸವನ್ನೂ ಜೊತೆಗೆ ತರುತ್ತವೆ.

ಹಂತ 3: ತಲೆಕೆಳಗು ಮಾಡುವ ಸ್ವಿಚ್ಚನ್ನು ಕಾಗದದ ಮೇಲೆ ಬಿಡಿಸಿ

ಈ ಹಂತವನ್ನು ಬೇಗ ಮುಗಿಸಬೇಡಿ. ಗ್ರಾಫ್ ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ.

ಒಂದು ಸೈನ್ ಅಲೆ ಬರೆಯಿರಿ. ಇದು ಆಂಟೆನಾದಿಂದ ಬಂದ ಸಿಗ್ನಲ್, ಅಂದರೆ ಆರ್‌ಎಫ್. ಅದರ ಕೆಳಗೆ ಒಂದು ಚೌಕದಲೆ ಬರೆಯಿರಿ, ಒಮ್ಮೆ +1, ಒಮ್ಮೆ −1. ಇದು ಎಲ್‌ಒ. ನಿಯಮ ಸರಳ: ಎಲ್‌ಒ +1 ಇದ್ದಾಗ ಸೈನ್ ಅಲೆಯನ್ನು ಇದ್ದ ಹಾಗೇ ಬಿಡಿ, −1 ಇದ್ದಾಗ ತಲೆಕೆಳಗು ಮಾಡಿ.

ಮೊದಲು ಎರಡಕ್ಕೂ ಒಂದೇ ಫ್ರೀಕ್ವೆನ್ಸಿ ಇರಲಿ, ಹೆಜ್ಜೆಗೆ ಹೆಜ್ಜೆ ಕೂಡಿರಲಿ. ಸೈನ್ ಅಲೆ ಕೆಳಗಿಳಿದಾಗಲೆಲ್ಲ ಸ್ವಿಚ್ ಅದನ್ನು ಮೇಲಕ್ಕೆ ಮಗುಚುತ್ತದೆ. ಸಿಗುವುದು ಸಾಲಾಗಿ ನಿಂತ ಗುಡ್ಡಗಳು, ರೆಕ್ಟಿಫೈಯರಿನಿಂದ ಬರುತ್ತವಲ್ಲ ಹಾಗೆ. ಅದರ ಸರಾಸರಿ ಒಂದು ಡಿಸಿ ಮಟ್ಟ. ಗುಡ್ಡಗಳು ಬರುವ ವೇಗ ಮೂಲ ಫ್ರೀಕ್ವೆನ್ಸಿಯ ಎರಡರಷ್ಟು. ವ್ಯತ್ಯಾಸ ಸೊನ್ನೆ, ಮೊತ್ತ ಎರಡು ಪಟ್ಟು. ಸೂತ್ರ ಹೇಳಿದ್ದೂ ಇದನ್ನೇ.

ಈಗ ಎಲ್‌ಒವನ್ನು ಕಾಲು ಸುತ್ತು ಪಕ್ಕಕ್ಕೆ ಸರಿಸಿ ಮತ್ತೆ ಬರೆಯಿರಿ. ಈ ಸಲ ಮೇಲಿರುವ ಭಾಗವೂ ಕೆಳಗಿರುವ ಭಾಗವೂ ಸಮವಾಗುತ್ತವೆ. ಸರಾಸರಿ ಸೊನ್ನೆ. ಅರ್ಧ ಸುತ್ತು ಸರಿಸಿದರೆ ಗುಡ್ಡಗಳೆಲ್ಲ ಕೆಳಮುಖ, ಸರಾಸರಿ ಮೈನಸ್.

ಎರಡರ ಫ್ರೀಕ್ವೆನ್ಸಿಯಲ್ಲಿ ಚೂರು ಫರಕು ಇದ್ದರೆ? ಎಲ್‌ಒ ತಾನಾಗಿಯೇ ನಿಧಾನಕ್ಕೆ ಪಕ್ಕಕ್ಕೆ ಸರಿಯುತ್ತಾ ಹೋಗುತ್ತದೆ. ಸರಾಸರಿಯೂ ಪ್ಲಸ್, ಸೊನ್ನೆ, ಮೈನಸ್, ಸೊನ್ನೆ, ಮತ್ತೆ ಪ್ಲಸ್ ಎಂದು ಅಲೆಯಾಡುತ್ತದೆ. ಫರಕು 1000 ಹರ್ಟ್ಸ್ ಇದ್ದರೆ ಸೆಕೆಂಡಿಗೆ 1000 ಸಲ. ವ್ಯತ್ಯಾಸದ ಫ್ರೀಕ್ವೆನ್ಸಿ ಹುಟ್ಟುವುದು ಹೀಗೆ.

ಇದೇ ಚಿತ್ರದಿಂದ ಇನ್ನೂ ಎರಡು ವಿಷಯ ತಿಳಿಯುತ್ತವೆ. ಗುಡ್ಡಗಳ ಸರಾಸರಿ ಎತ್ತರ ತುದಿಯ ಎತ್ತರದ 2/π ಪಾಲು, ಅಂದರೆ 0.637. ಡೆಸಿಬೆಲ್‌ನಲ್ಲಿ 3.92 ಡಿಬಿ ನಷ್ಟ. ಇಂಥ ಸ್ವಿಚ್ ಮಿಕ್ಸರ್ ಎಷ್ಟೇ ಚೆನ್ನಾಗಿದ್ದರೂ ಇದಕ್ಕಿಂತ ಕಡಿಮೆ ನಷ್ಟ ಕೊಡಲಾರದು. ಡಯೋಡ್ ಮತ್ತು ಟ್ರಾನ್ಸ್‌ಫಾರ್ಮರ್ ನಷ್ಟವೂ ಸೇರಿ ನಿಜವಾದ ಮಿಕ್ಸರ್‌ಗಳಲ್ಲಿ ಸುಮಾರು 6 ಡಿಬಿ ಆಗುತ್ತದೆ. ಇನ್ನೊಂದು, ಚೌಕದಲೆಯಲ್ಲಿ ಮೂಲ ಫ್ರೀಕ್ವೆನ್ಸಿಯ ಜೊತೆಗೆ 3 ಪಟ್ಟು, 5 ಪಟ್ಟು, 7 ಪಟ್ಟು ಫ್ರೀಕ್ವೆನ್ಸಿಗಳೂ ಇರುತ್ತವೆ. ಬಲ ಮಾತ್ರ ಮೂರನೇ ಒಂದು, ಐದನೇ ಒಂದು ಎಂದು ಇಳಿಯುತ್ತದೆ. ಹಾಗಾಗಿ 7 ಮೆಗಾಹರ್ಟ್ಸ್ ಎಲ್‌ಒ ಇರುವ ಮಿಕ್ಸರ್ 21 ಮೆಗಾಹರ್ಟ್ಸ್ ಸಿಗ್ನಲ್ಲನ್ನೂ ಹಿಡಿಯುತ್ತದೆ. ಇದನ್ನು ಕೊನೆಗೆ ಪರೀಕ್ಷೆ ಮಾಡಿಯೇ ನೋಡೋಣ.

ಹಂತ 4: ಫ್ರೀಕ್ವೆನ್ಸಿ ಲೆಕ್ಕ ಹಾಕಿ

ಬೇಕಾದ ಸ್ಟೇಷನ್ನನ್ನೆಲ್ಲ ಒಂದೇ ಗೊತ್ತಾದ ಫ್ರೀಕ್ವೆನ್ಸಿಗೆ ತಂದುಬಿಟ್ಟರೆ ಒಳ್ಳೆಯ ಫಿಲ್ಟರ್ ಒಂದೇ ಸಾಕು. ಸೂಪರ್‌ಹೆಟರೊಡೈನ್ ರಿಸೀವರಿನ ಉಪಾಯ ಇದೇ. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ, ಮೊದಲ ಮಹಾಯುದ್ಧದ ಸಮಯ ಪ್ಯಾರಿಸ್‌ನಲ್ಲಿದ್ದಾಗ ಇದನ್ನು ರೂಪಿಸಿದರು. ಫ್ರಾನ್ಸಿನ ಲೂಸಿಯೆನ್ ಲೆವಿ ಕೂಡ ಅದೇ ಕಾಲದಲ್ಲಿ ಇದೇ ದಾರಿಯಲ್ಲಿದ್ದರು. ಎರಡು ಅಲೆ ಸೇರಿಸಿ ವ್ಯತ್ಯಾಸ ಕೇಳುವ ಹೆಟರೊಡೈನ್ ಯೋಚನೆ ಇನ್ನೂ ಹಳೆಯದು, ರೆಜಿನಾಲ್ಡ್ ಫೆಸೆಂಡನ್ 1901ರಲ್ಲೇ ಅದಕ್ಕೆ ಪೇಟೆಂಟ್ ಕೇಳಿದ್ದರು. ಸ್ಥಿರವಾಗಿ ಓಡುವ ಆಸಿಲೇಟರ್ ಆಗ ಇರಲಿಲ್ಲ. ವ್ಯಾಕ್ಯೂಮ್ ಟ್ಯೂಬ್ ಬಂದ ಮೇಲೆಯೇ ಅದು ಕೈಗೂಡಿತು.

ಮೀಡಿಯಂ ವೇವ್ ರೇಡಿಯೋಗಳಲ್ಲಿ ಆ ಗೊತ್ತಾದ ಫ್ರೀಕ್ವೆನ್ಸಿ, ಅಂದರೆ ಐಎಫ್, ಸಾಮಾನ್ಯವಾಗಿ 455 ಕಿಲೋಹರ್ಟ್ಸ್. 1000 ಕಿಲೋಹರ್ಟ್ಸ್ ಸ್ಟೇಷನ್ ಬೇಕಾದರೆ ಎಲ್‌ಒ 1455ರಲ್ಲಿರಬೇಕು. 1455 − 1000 = 455. ಸರಿ. ಆದರೆ 1910ರಲ್ಲಿ ಇನ್ಯಾವುದೋ ಸಿಗ್ನಲ್ ಇದ್ದರೆ? 1910 − 1455 ಕೂಡ 455. ಸ್ವಿಚ್‌ಗೆ ಇವೆರಡರ ನಡುವಿನ ಭೇದ ಗೊತ್ತಾಗುವುದಿಲ್ಲ. ಇದಕ್ಕೆ ಇಮೇಜ್ ಎನ್ನುತ್ತಾರೆ. ಬೇಕಾದ ಸಿಗ್ನಲ್ಲಿನಿಂದ ಐಎಫ್‌ನ ಎರಡರಷ್ಟು ದೂರದಲ್ಲಿ, ಎಲ್‌ಒದ ಆಚೆ ಬದಿಗೆ ಅದು ಕೂತಿರುತ್ತದೆ. ಅದನ್ನು ಮಿಕ್ಸರ್ ಒಳಗೆ ಬರುವ ಮೊದಲೇ ಫಿಲ್ಟರಿನಿಂದ ತಡೆಯಬೇಕು. ಒಳಗೆ ಬಂದ ಮೇಲೆ ಬೇರ್ಪಡಿಸಲು ಆಗುವುದಿಲ್ಲ.

ಎಫ್‌ಎಂ ರೇಡಿಯೋಗಳಿಗೆ 10.7 ಮೆಗಾಹರ್ಟ್ಸ್ ಐಎಫ್ ಏಕೆ ಚೆನ್ನಾಗಿ ಹೊಂದುತ್ತದೆ ಎಂಬುದೂ ಈ ಲೆಕ್ಕದಲ್ಲೇ ಇದೆ. ಇಮೇಜ್ 21.4 ಮೆಗಾಹರ್ಟ್ಸ್ ದೂರ. 88ರಿಂದ 108ರವರೆಗಿನ ಬ್ಯಾಂಡಿನ ಅಗಲವೇ 20. ಹಾಗಾಗಿ ಒಂದು ಎಫ್‌ಎಂ ಸ್ಟೇಷನ್ ಇನ್ನೊಂದರ ಇಮೇಜ್ ಆಗುವ ಪ್ರಶ್ನೆಯೇ ಇಲ್ಲ. ಈ ಲೆಕ್ಕ ಮೊದಲ ಸಲ ಹಾಕಿ ನೋಡಿದಾಗ ನನಗಾದ ಖುಷಿ ಇನ್ನೂ ನೆನಪಿದೆ.

ಎಲ್‌ಒ ಸ್ಟೇಷನ್‌ಗಿಂತ ಮೇಲಿರಬೇಕೋ ಕೆಳಗಿರಬೇಕೋ? 540ರಿಂದ 1600ರವರೆಗೆ ಟ್ಯೂನ್ ಮಾಡಬೇಕು ಎಂದುಕೊಳ್ಳಿ. ಮೇಲಿಟ್ಟರೆ ಎಲ್‌ಒ 995ರಿಂದ 2055ಕ್ಕೆ ಓಡಬೇಕು, ಸುಮಾರು ಎರಡು ಪಟ್ಟು. ಟ್ಯೂನ್ ಮಾಡುವ ಕೆಪಾಸಿಟರ್ ಬದಲಾಗಬೇಕಾದ್ದು ಅದರ ವರ್ಗದಷ್ಟು, ಅಂದರೆ ನಾಲ್ಕೂ ಕಾಲು ಪಟ್ಟು. ಕೆಳಗಿಟ್ಟರೆ 85ರಿಂದ 1145, ಕೆಪಾಸಿಟರ್ 180 ಪಟ್ಟು ಬದಲಾಗಬೇಕು. ಅಂಥ ಗ್ಯಾಂಗ್ ಕೆಪಾಸಿಟರ್ ಯಾರು ಮಾಡಿಯಾರು? ಆದ್ದರಿಂದ ಮೇಲೆಯೇ.

ಹಂತ 5: ಯಾವ ಮಿಕ್ಸರ್ ಎಂದು ತೀರ್ಮಾನಿಸಿ

ಬೇಗ ಏನಾದರೂ ಕೇಳಬೇಕು ಎನ್ನುವವರಿಗೆ ಎಸ್‌ಎ612 ಎಂಬ ಎಂಟು ಕಾಲಿನ ಐಸಿ ಇದೆ. ಒಳಗೆ ಗಿಲ್ಬರ್ಟ್ ಸೆಲ್, ಅಂದರೆ ಟ್ರಾನ್ಸಿಸ್ಟರ್‌ಗಳಲ್ಲಿ ಮಾಡಿದ ಅದೇ ಸ್ವಿಚ್. ಆಸಿಲೇಟರ್‌ಗೆ ಬೇಕಾದ ಟ್ರಾನ್ಸಿಸ್ಟರೂ ಅದರಲ್ಲೇ ಇದೆ. ನಷ್ಟದ ಬದಲು ಸುಮಾರು 17 ಡಿಬಿ ಗೇನ್ ಕೊಡುತ್ತದೆ, ತಿನ್ನುವ ಕರೆಂಟ್ 2.4 ಮಿಲಿಆಂಪ್ ಅಷ್ಟೆ. 8 ವೋಲ್ಟ್ ಮೀರಬಾರದು. 9 ವೋಲ್ಟ್ ಬ್ಯಾಟರಿಯನ್ನು ನೇರ ಕೊಟ್ಟು ಹಾಳು ಮಾಡಿಕೊಂಡವರು ಬಹಳ, ನಡುವೆ ರೆಗ್ಯುಲೇಟರ್ ಹಾಕಿ. ಇದರ ದೌರ್ಬಲ್ಯ ಎಂದರೆ ಜೋರು ಸಿಗ್ನಲ್ ಬಂದರೆ ತಡೆದುಕೊಳ್ಳುವುದಿಲ್ಲ.

ಆದರೆ ಕಲಿಯುವುದಕ್ಕೆ ನಾನು ಹೇಳುವುದು ಡಯೋಡ್ ರಿಂಗ್ ಮಿಕ್ಸರ್. ಐಸಿ ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಇದರಲ್ಲಿ ಪ್ರತಿ ತಂತಿಯೂ ನೀವೇ ಹಾಕಿದ್ದು.

ಹಂತ 6: ಡಯೋಡ್ ರಿಂಗ್ ಮಿಕ್ಸರ್ ಕಟ್ಟಿ

ಬೇಕಾದ್ದು: 1ಎನ್5711 ಷಾಟ್ಕಿ ಡಯೋಡ್ ಏಳೆಂಟು (1ಎನ್4148 ಕೂಡ ನಡೆಯುತ್ತದೆ), ಎಫ್‌ಟಿ37-43 ಫೆರೈಟ್ ರಿಂಗ್ ಎರಡು, 0.3 ಮಿಲಿಮೀಟರ್ ಎನಾಮಲ್ ತಂತಿ.

ಡಯೋಡ್ ಆರಿಸುವುದು ಮೊದಲ ಕೆಲಸ. ಮಲ್ಟಿಮೀಟರನ್ನು ಡಯೋಡ್ ಮೋಡಿಗೆ ಹಾಕಿ ಒಂದೊಂದರ ವೋಲ್ಟೇಜ್ ಬರೆದುಕೊಳ್ಳಿ. ಒಂದಕ್ಕೊಂದು 5 ಮಿಲಿವೋಲ್ಟ್ ಒಳಗೆ ಹೊಂದುವ ನಾಲ್ಕನ್ನು ಆರಿಸಿ. ಬೆರಳಿನಲ್ಲಿ ಹಿಡಿದು ಅಳೆಯಬೇಡಿ. ನಾನು ಮೊದಲ ಸಲ ಹಾಗೇ ಅಳೆದಿದ್ದೆ. ಒಂದೇ ಡಯೋಡ್ ಸಲಕ್ಕೊಂದು ಸಂಖ್ಯೆ ತೋರಿಸುತ್ತಿತ್ತು. ಆಮೇಲೆ ಗೊತ್ತಾಯಿತು, ಬೆರಳಿನ ಬಿಸಿ ಸಾಕು. ಒಂದು ಡಿಗ್ರಿ ಏರಿದರೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಹತ್ತು ನಿಮಿಷ ಬಿಟ್ಟು, ಪ್ರೋಬ್ ಮಾತ್ರ ಮುಟ್ಟಿಸಿ ಅಳೆಯಿರಿ.

ಟ್ರಾನ್ಸ್‌ಫಾರ್ಮರ್‌ಗೆ 25 ಸೆಂಟಿಮೀಟರಿನ ಮೂರು ತಂತಿ ಕತ್ತರಿಸಿ. ಮೂರು ಬಣ್ಣದ ತಂತಿ ಸಿಕ್ಕರೆ ಅರ್ಧ ತಲೆನೋವು ಹೋದಂತೆ. ಮೂರನ್ನೂ ಒಟ್ಟಿಗೆ ಹಗ್ಗದಂತೆ ಹೊಸೆಯಿರಿ, ತೀರಾ ಬಿಗಿ ಬೇಡ. ಹೊಸೆದ ತಂತಿಯನ್ನು ರಿಂಗಿನ ತೂತಿನೊಳಗೆ ಹತ್ತು ಸಲ ತೂರಿಸಿ. ಒಂದು ಸಲ ತೂತಿನೊಳಗೆ ಹೋದರೆ ಒಂದು ಸುತ್ತು ಎಂದು ಲೆಕ್ಕ. ತುದಿಗಳ ಎನಾಮಲ್ ಕೆರೆದು ತವರ ಹಚ್ಚಿ.

ಈಗ ಈ ಬದಿಯಲ್ಲಿ ಮೂರು ತುದಿ, ಆ ಬದಿಯಲ್ಲಿ ಮೂರು ತುದಿ ಇವೆ. ಯಾವುದಕ್ಕೆ ಯಾವುದು ಎಂದು ಮೀಟರಿನಿಂದ ಗುರುತಿಸಿ. ಮೊದಲ ತಂತಿ ಪ್ರೈಮರಿ. ಎರಡನೆಯ ತಂತಿಯ ಕೊನೆಯನ್ನು ಮೂರನೆಯ ತಂತಿಯ ಆರಂಭಕ್ಕೆ ಸೇರಿಸಿ ಬೆಸೆಯಿರಿ. ಆ ಕೂಡಿದ ಜಾಗವೇ ಸೆಂಟರ್ ಟ್ಯಾಪ್. ಕೊನೆಗೆ ಕೊನೆಯನ್ನೇ ಸೇರಿಸಿದರೆ ಎರಡು ಅರ್ಧಗಳೂ ಒಂದನ್ನೊಂದು ಹೊಡೆದುಹಾಕುತ್ತವೆ, ಮಿಕ್ಸರ್ ಮೂಕವಾಗುತ್ತದೆ. ಮಿಕ್ಸರ್ ಕೆಲಸ ಮಾಡುತ್ತಿಲ್ಲ ಎಂದಾಗ ನಾನು ಮೊದಲು ನೋಡುವುದು ಈ ಜಾಗವನ್ನೇ. ಹೀಗೇ ಇನ್ನೊಂದು ಟ್ರಾನ್ಸ್‌ಫಾರ್ಮರ್ ಮಾಡಿ.

ನಾಲ್ಕು ಡಯೋಡ್‌ಗಳನ್ನು ಚೌಕವಾಗಿ ಜೋಡಿಸಿ. ಒಂದರ ಪಟ್ಟಿ ಇರುವ ತುದಿ ಮುಂದಿನದರ ಪಟ್ಟಿ ಇಲ್ಲದ ತುದಿಗೆ, ಹೀಗೆ ಒಂದೇ ದಿಕ್ಕಿನಲ್ಲಿ ಸುತ್ತು ಬರಬೇಕು. ಬ್ರಿಡ್ಜ್ ರೆಕ್ಟಿಫೈಯರ್ ಕಟ್ಟಿ ಅಭ್ಯಾಸ ಇರುವವರ ಕೈ ಇಲ್ಲಿ ತಪ್ಪುತ್ತದೆ, ಜೋಪಾನ. ಮೂಲೆಗಳಿಗೆ 1, 2, 3, 4 ಎಂದು ಹೆಸರಿಡಿ. 1 ಮತ್ತು 3ಕ್ಕೆ ಮೊದಲ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯ ಎರಡು ಹೊರತುದಿ. ಅದರ ಸೆಂಟರ್ ಟ್ಯಾಪ್ ಗ್ರೌಂಡಿಗೆ, ಪ್ರೈಮರಿ ಎಲ್‌ಒಗೆ. 2 ಮತ್ತು 4ಕ್ಕೆ ಎರಡನೆಯ ಟ್ರಾನ್ಸ್‌ಫಾರ್ಮರಿನ ಹೊರತುದಿ. ಅದರ ಪ್ರೈಮರಿ ಆರ್‌ಎಫ್‌ಗೆ. ಸೆಂಟರ್ ಟ್ಯಾಪಿನಿಂದ ಔಟ್‌ಪುಟ್. ಎರಡು ಪ್ರೈಮರಿಗಳ ಇನ್ನೊಂದು ತುದಿ ಗ್ರೌಂಡಿಗೆ.

ಇದು ಸ್ವಿಚ್ ಹೇಗೆ? ಎಲ್‌ಒ 1ನೇ ಮೂಲೆಯನ್ನು ಪ್ಲಸ್ ಮಾಡಿದಾಗ ಕರೆಂಟ್ 1ರಿಂದ 2ರ ಮೂಲಕ 3ಕ್ಕೆ ಹರಿಯುತ್ತದೆ. ಆಗ 2ನೇ ಮೂಲೆ ಸರಿಯಾಗಿ ನಡುವೆ, ಅಂದರೆ ಗ್ರೌಂಡ್ ಮಟ್ಟದಲ್ಲಿ ಬಂದು ನಿಲ್ಲುತ್ತದೆ. ಮುಂದಿನ ಅರ್ಧದಲ್ಲಿ ಕರೆಂಟ್ 3, 4, 1 ಎಂದು ಹರಿದು 4ನೇ ಮೂಲೆ ಗ್ರೌಂಡಾಗುತ್ತದೆ. ಆರ್‌ಎಫ್ ಸುರುಳಿಯ ಒಮ್ಮೆ ಈ ತುದಿ, ಒಮ್ಮೆ ಆ ತುದಿ ಗ್ರೌಂಡಿಗೆ ಬೀಳುವುದರಿಂದ ಸೆಂಟರ್ ಟ್ಯಾಪಿನಲ್ಲಿ ಸಿಗ್ನಲ್ ಒಮ್ಮೆ ನೇರ, ಒಮ್ಮೆ ತಲೆಕೆಳಗು. ನಾವು ಗ್ರಾಫ್ ಹಾಳೆಯಲ್ಲಿ ಬರೆದದ್ದು ಇದನ್ನೇ!

ಔಟ್‌ಪುಟ್‌ನಲ್ಲಿ ಒಂದು ಕೆಲಸ ಬಿಡಬಾರದು. ನಮಗೆ ಬೇಡದ ಮೊತ್ತದ ಫ್ರೀಕ್ವೆನ್ಸಿಗೂ ಹೋಗಲು ಒಂದು ದಾರಿ ಬೇಕು, ಇಲ್ಲದಿದ್ದರೆ ಅದು ಮಿಕ್ಸರಿಗೇ ವಾಪಸ್ ಬಂದು ಮತ್ತೆ ಮಿಕ್ಸ್ ಆಗಿ ಗಲೀಜು ಮಾಡುತ್ತದೆ. ಸೆಂಟರ್ ಟ್ಯಾಪಿನಿಂದ ಗ್ರೌಂಡಿಗೆ 51 ಓಮ್ ಮತ್ತು 0.01 ಮೈಕ್ರೋಫ್ಯಾರಡ್ ಸರಣಿಯಾಗಿ ಹಾಕಿ. 14 ಮೆಗಾಹರ್ಟ್ಸ್‌ಗೆ ಇದು 51 ಓಮ್ ಲೋಡ್. 1 ಕಿಲೋಹರ್ಟ್ಸ್ ಆಡಿಯೋಗೆ ಇದು 16 ಸಾವಿರ ಓಮ್, ಅಂದರೆ ಇಲ್ಲದ ಹಾಗೇ. ಅಲ್ಲಿಂದ 100 ಮೈಕ್ರೋಹೆನ್ರಿ ಚೋಕ್ ಮೂಲಕ ಆಡಿಯೋ ಆಂಪ್ಲಿಫೈಯರಿಗೆ. ಪರೀಕ್ಷೆಗೆ ಒಂದು ಎಲ್‌ಎಂ386 ಸಾಕು.

ಹಂತ 7: ಪರೀಕ್ಷೆ ಮಾಡಿ

ಬೇಕಾದ ಫ್ರೀಕ್ವೆನ್ಸಿ ಹುಟ್ಟಿಸಿಕೊಡುವ ಎಸ್‌ಐ5351 ಮಾಡ್ಯೂಲ್ ಇದ್ದರೆ ಎಲ್‌ಒ ಮತ್ತು ಪರೀಕ್ಷೆಯ ಸಿಗ್ನಲ್ ಎರಡೂ ಅದರಿಂದಲೇ ಬರುತ್ತವೆ. ಅದರ ಔಟ್‌ಪುಟ್ ಸೊನ್ನೆಯಿಂದ 3.3 ವೋಲ್ಟ್ ನಡುವೆ ಆಡುತ್ತದೆ, ಡಿಸಿ ಸೇರಿರುತ್ತದೆ. ನಮ್ಮ ಪ್ರೈಮರಿ ಡಿಸಿಗೆ ಬರೀ ತಂತಿ. ಆದ್ದರಿಂದ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕೇ ಬೇಕು.

ಡಯೋಡ್‌ಗಳು ಪೂರ್ತಿ ತೆರೆದು ಮುಚ್ಚಲು ಎಲ್‌ಒ ಬಲ +7 ಡಿಬಿಎಂ ಇರಬೇಕು. ಅಂದರೆ 5 ಮಿಲಿವ್ಯಾಟ್, 51 ಓಮ್ ಲೋಡಿನ ಮೇಲೆ ಸ್ಕೋಪಿನಲ್ಲಿ ತುದಿಯಿಂದ ತುದಿಗೆ ಸುಮಾರು 1.4 ವೋಲ್ಟ್. ಸ್ವಲ್ಪ ಜಾಸ್ತಿಯಾದರೆ ತೊಂದರೆಯಿಲ್ಲ, ಕಡಿಮೆಯಾದರೆ ಸ್ವಿಚ್ ಅರೆಬರೆ ಕೆಲಸ ಮಾಡುತ್ತದೆ.

ಮೊದಲು ಎಲ್‌ಒ ಮಾತ್ರ ಕೊಟ್ಟು, ಆರ್‌ಎಫ್ ಬದಿಗೆ 51 ಓಮ್ ಹಾಕಿ, ಅಲ್ಲಿ ಎಷ್ಟು ಸೋರುತ್ತಿದೆ ನೋಡಿ. 45 ಮಿಲಿವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ 30 ಡಿಬಿ ತಡೆ ಸಿಕ್ಕಿದೆ ಎಂದು ಅರ್ಥ. ತುಂಬಾ ಜಾಸ್ತಿ ಇದ್ದರೆ ಡಯೋಡ್ ಹೊಂದಿಲ್ಲ, ಇಲ್ಲವೇ ಸುರುಳಿಯ ಜೋಡಣೆ ತಪ್ಪಿದೆ.

ಆಮೇಲೆ ಎಲ್‌ಒ 7.000 ಮೆಗಾಹರ್ಟ್ಸ್‌ಗೆ ಇಡಿ. ಇನ್ನೊಂದು ಔಟ್‌ಪುಟ್‌ಗೂ 0.1 ಮೈಕ್ರೋಫ್ಯಾರಡ್ ಹಾಕಿ, 4.7 ಕಿಲೋಓಮ್ ಸರಣಿಯಲ್ಲಿ, 51 ಓಮ್ ಗ್ರೌಂಡಿಗೆ ಕೊಟ್ಟು ಆರ್‌ಎಫ್‌ಗೆ ಸೇರಿಸಿ. ಅದನ್ನು 7.001ಕ್ಕೆ ಇಡಿ. ಹೆಡ್‌ಫೋನಿನಲ್ಲಿ 1 ಕಿಲೋಹರ್ಟ್ಸ್ ಶಿಳ್ಳೆ ಕೇಳುತ್ತದೆ. 6.999ಕ್ಕೆ ಬದಲಿಸಿ. ಅದೇ ಶಿಳ್ಳೆ! ಇಮೇಜ್ ಎಂದರೆ ಏನು ಎಂದು ಕಿವಿಗೇ ಗೊತ್ತಾಯಿತು. ಈಗ 21.001ಕ್ಕೆ ಇಡಿ. ಮತ್ತೆ ಅದೇ ಶಿಳ್ಳೆ, ಸುಮಾರು 10 ಡಿಬಿ ಮೆಲ್ಲಗೆ. ಚೌಕದಲೆಯ ಮೂರು ಪಟ್ಟಿನ ಪಾಲು ಮಾಡಿದ ಕೆಲಸ ಅದು. ಆಂಟೆನಾ ಮತ್ತು ಮಿಕ್ಸರ್ ನಡುವೆ 7 ಮೆಗಾಹರ್ಟ್ಸ್ ಬ್ಯಾಂಡ್‌ಪಾಸ್ ಫಿಲ್ಟರ್ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಹಂತ 8: ಆಂಟೆನಾ ಸೇರಿಸಿ

ಫಿಲ್ಟರ್ ಹಾಕಿ, ಎಲ್‌ಎಂ386ಗೆ ಮೊದಲು 40 ಡಿಬಿ ಗೇನ್ ಇರುವ ಒಂದು ಪ್ರೀ-ಆಂಪ್ಲಿಫೈಯರ್ ಸೇರಿಸಿ. ಆಂಟೆನಾದಿಂದ ಬರುವುದು ಮೈಕ್ರೋವೋಲ್ಟ್ ಲೆಕ್ಕದಲ್ಲಿ, ಗೇನ್ ಪೂರ್ತಿ ಆಡಿಯೋದಲ್ಲೇ ಕೊಡಬೇಕು. ಇದು ಡೈರೆಕ್ಟ್ ಕನ್ವರ್ಷನ್ ರಿಸೀವರ್, ಅಂದರೆ ಐಎಫ್ ಇಲ್ಲದೆ ಸಿಗ್ನಲ್ಲನ್ನು ನೇರ ಆಡಿಯೋಗೆ ಇಳಿಸುವಂಥದ್ದು. 7.000ರಿಂದ 7.200ರವರೆಗಿನ ಹವ್ಯಾಸಿ ಬ್ಯಾಂಡಿನಲ್ಲಿ ಎಲ್‌ಒ ನಿಧಾನಕ್ಕೆ ಸರಿಸಿ. ಪ್ರತಿ ಮೋರ್ಸ್ ಸಿಗ್ನಲ್ಲೂ ಎರಡೆರಡು ಸಲ ಕೇಳುತ್ತದೆ, ಸೊನ್ನೆಯ ಈ ಬದಿಗೊಮ್ಮೆ, ಆ ಬದಿಗೊಮ್ಮೆ.

ಜೋರು ಸಿಗ್ನಲ್‌ಗಳು ತುಂಬಿದ ರಾತ್ರಿ ಇನ್ನೊಂದು ತೊಂದರೆ ಕಾಣಬಹುದು. 7.100 ಮತ್ತು 7.110ರಲ್ಲಿ ಎರಡು ಭಾರಿ ಸಿಗ್ನಲ್ ಇದ್ದರೆ 7.090 ಮತ್ತು 7.120ರಲ್ಲಿ ಯಾರೂ ಕಳಿಸದ ಸಿಗ್ನಲ್ ಕೇಳುತ್ತದೆ. ಮಿಕ್ಸರ್ ತಾನೇ ಹುಟ್ಟಿಸಿದ ಭೂತ ಅದು. ಅದನ್ನು ಗುರುತಿಸುವುದು ಸುಲಭ. ಆಂಟೆನಾ ಮತ್ತು ಫಿಲ್ಟರ್ ನಡುವೆ 150, 39, 150 ಓಮ್ ರೆಸಿಸ್ಟರ್‌ಗಳ ಪೈ ಅಟೆನ್ಯುಯೇಟರ್ (39 ಸರಣಿಯಲ್ಲಿ, ಅದರ ಎರಡೂ ತುದಿಯಿಂದ ಗ್ರೌಂಡಿಗೆ ಒಂದೊಂದು 150) ಹಾಕಿ, ಸುಮಾರು 6 ಡಿಬಿ ಇಳಿಸುತ್ತದೆ. ನಿಜವಾದ ಸ್ಟೇಷನ್ ಆದರೆ 6 ಡಿಬಿ ಮಾತ್ರ ಕುಗ್ಗುತ್ತದೆ, ಕಿವಿಗೆ ಸ್ವಲ್ಪ ಮೆಲ್ಲಗಾಯಿತು ಅನ್ನಿಸುತ್ತದೆ. ಭೂತ ಮೂರರಷ್ಟು, ಅಂದರೆ 18 ಡಿಬಿ ಕುಗ್ಗಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಹಾಗಾದರೆ ಆ ರಾತ್ರಿ ಅಟೆನ್ಯುಯೇಟರ್ ತೆಗೆಯಬೇಡಿ, ವಾಲ್ಯೂಮ್ ಏರಿಸಿಕೊಂಡು ಕೇಳಿ.